ಕಾರು ಮಾಡದೆ ಮೈಸೂರು: ಮಕ್ಕಳು, ಹಿರಿಯರೊಂದಿಗೆ ಎರಡು ದಿನದ ಪ್ರವಾಸ ಯೋಜಿಸುವ ಕ್ರಮ

ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ರೈಲು, ಬಸ್ಸುಗಳಲ್ಲೇ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದವರಲ್ಲಿ ಹಲವರು ನನಗೆ ಹೇಳುವುದು ಒಂದೇ ಮಾತು: ‘ಮುಂದಿನ ಸಲ ಕಾರೇ ಮಾಡಿಕೊಂಡು ಹೋಗುತ್ತೇವೆ.’ ಏನಾಯಿತು ಎಂದು ಕೇಳುತ್ತಾ ಹೋದರೆ ತಪ್ಪು ಬಸ್ಸಿನದೂ ಅಲ್ಲ, ರೈಲಿನದೂ ಅಲ್ಲ. ಮೃಗಾಲಯಕ್ಕೆ ಹೋದ ದಿನ ಮಂಗಳವಾರವಾಗಿತ್ತು. ಬೆಟ್ಟ ತಲುಪುವ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿತ್ತು. ಅರಮನೆಯ ದೀಪ ನೋಡುವ ಆಸೆಯಲ್ಲಿ ಕಾಯ್ದಿರಿಸಿದ್ದ ರೈಲು ತಪ್ಪಿತು. ಇವೆಲ್ಲ ಮನೆಯಲ್ಲೇ, ಕಾಗದದ ಮೇಲೆಯೇ ಸರಿಪಡಿಸಬಹುದಾಗಿದ್ದ ತಪ್ಪುಗಳು. ಮನೆಗೆ ಮರಳುವ ಗಳಿಗೆಯನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಯೋಜನೆ ಮಾಡುತ್ತಾ ಬಂದರೆ ಇವುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಇಲ್ಲಿ ನಾಲ್ಕು ಜನರ ಕುಟುಂಬವನ್ನು ಲೆಕ್ಕಕ್ಕೆ ಹಿಡಿದಿದ್ದೇನೆ: ಗಂಡ, ಹೆಂಡತಿ, ಏಳೆಂಟು ವರ್ಷದ ಮಗು, ಎಪ್ಪತ್ತರ ಆಸುಪಾಸಿನ ಅಜ್ಜಿ. ಹಾಸನ, ಹುಬ್ಬಳ್ಳಿ ಕಡೆಯಿಂದ ಬರುವವರಿಗೂ ಮೈಸೂರಿನೊಳಗಿನ ಹಂತಗಳು ಹಾಗೆಯೇ ಅನ್ವಯಿಸುತ್ತವೆ. ಹಂತಗಳ ಕ್ರಮವನ್ನು ಮಾತ್ರ ದಯವಿಟ್ಟು ಬದಲಿಸಬೇಡಿ. ಹೋಟೆಲ್ ಕೋಣೆಯನ್ನು ಮೊದಲು ಕಾಯ್ದಿರಿಸಿ, ಆಮೇಲೆ ರೈಲು ಹುಡುಕಲು ಕುಳಿತವರೇ ಹೆಚ್ಚು ಕಷ್ಟಪಟ್ಟಿದ್ದಾರೆ.

ಹಂತ 1: ವಾರ ನೋಡಿ, ಆಮೇಲೆ ತಾರೀಖು

ಕ್ಯಾಲೆಂಡರ್ ಮುಂದಿಟ್ಟುಕೊಂಡು ಮೊದಲು ಎರಡು ಗುರುತು ಹಾಕಿ. ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ಸಂಜೆ 7ರಿಂದ ಸುಮಾರು ಮುಕ್ಕಾಲು ಗಂಟೆ ಇರುತ್ತದೆ. ಮಕ್ಕಳಿರುವ ಮನೆಯವರಿಗೆ ಈ ಎರಡೂ ಬೇಕೇ ಬೇಕು. ಆದ್ದರಿಂದ ಪ್ರವಾಸದಲ್ಲಿ ಒಂದು ಭಾನುವಾರ ಸಂಜೆ ಇರಬೇಕು, ಮಂಗಳವಾರ ಇರಬಾರದು.

ಸಾಧ್ಯವಿದ್ದವರು ಶನಿವಾರ-ಭಾನುವಾರಕ್ಕಿಂತ ಭಾನುವಾರ-ಸೋಮವಾರವನ್ನು ಆರಿಸಿಕೊಳ್ಳಿ. ಭಾನುವಾರ ರಾತ್ರಿ ಮೈಸೂರಿನಲ್ಲೇ ಉಳಿಯುವುದರಿಂದ ದೀಪ ನೋಡಿ ಓಡುವ ಗಡಿಬಿಡಿ ಇಲ್ಲ. ಸೋಮವಾರ ಬೆಟ್ಟದಲ್ಲೂ ಮೃಗಾಲಯದಲ್ಲೂ ಜನ ಕಡಿಮೆ. ಮರಳುವ ರೈಲಿನಲ್ಲಿ ಭಾನುವಾರ ಸಂಜೆಯ ನೂಕುನುಗ್ಗಲೂ ಇರುವುದಿಲ್ಲ. ಒಂದು ದಿನದ ರಜೆಗೆ ಇಷ್ಟು ನೆಮ್ಮದಿ ಸಿಗುತ್ತದೆ ಎಂದರೆ ಅದು ಅಗ್ಗವೇ.

ಬಿಡಬೇಕಾದ ದಿನಗಳೂ ಇವೆ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಸಾವಿರಾರು ಭಕ್ತರು ಬರುತ್ತಾರೆ. ಅಂದು ಬೆಟ್ಟದ ಸಂಚಾರ ವ್ಯವಸ್ಥೆಯೇ ಬೇರೆಯಾಗಿರುತ್ತದೆ. ದೇವರ ಮೇಲಿನ ಭಕ್ತಿಯಿಂದ ಹೋಗುವವರು ಹೋಗಲಿ, ಪ್ರವಾಸಕ್ಕೆಂದು ಮಕ್ಕಳನ್ನು ಕರೆದೊಯ್ಯುವವರಿಗೆ ಆ ದಿನ ಸಲ್ಲದು. ದಸರೆಯ ಹತ್ತು ದಿನ, ಅದರಲ್ಲೂ ಜಂಬೂಸವಾರಿಯ ದಿನ, ಅರಮನೆಯ ಸುತ್ತಲಿನ ರಸ್ತೆಗಳಲ್ಲಿ ಬಸ್ಸುಗಳ ದಾರಿ ಬದಲಾಗುತ್ತದೆ. ಮೊದಲ ಬಾರಿಗೆ ಬಸ್ಸಿನಲ್ಲಿ ಹೋಗುವವರು ದಸರೆಯನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ.

ಹಂತ 2: ಮರಳುವ ಟಿಕೆಟ್ ಮೊದಲು

ಹೋಗುವಾಗ ರೈಲು ತಪ್ಪಿದರೆ ಮನೆಯ ಹತ್ತಿರವೇ ಇರುತ್ತೀರಿ. ಬರುವಾಗ ತಪ್ಪಿದರೆ ದಣಿದ ಮಗು, ತುಂಬಿದ ಚೀಲ, ಕತ್ತಲು ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಹೀಗಾಗಿ ಮರಳುವ ಟಿಕೆಟ್ ಖಚಿತವಾದ ಮೇಲೆಯೇ ಹೋಗುವ ಟಿಕೆಟ್ ತೆಗೆಯಿರಿ.

ರೈಲ್ವೆ ಮುಂಗಡ ಕಾಯ್ದಿರಿಸುವಿಕೆ ಪ್ರಯಾಣದ ದಿನಕ್ಕೆ 60 ದಿನ ಮುಂಚೆ ತೆರೆಯುತ್ತದೆ. ಮೊದಲು ಅದು 120 ದಿನವಿತ್ತು. 2024ರ ನವೆಂಬರ್‌ನಿಂದ ಬದಲಾಗಿದೆ. ತತ್ಕಾಲ್ ಟಿಕೆಟ್ ನೆಚ್ಚಿಕೊಂಡು ನಾಲ್ಕು ಜನರ ಪ್ರವಾಸ ಯೋಜಿಸಬೇಡಿ. ನಾಲ್ವರಲ್ಲಿ ಇಬ್ಬರಿಗೆ ಸೀಟು ಸಿಕ್ಕಿ ಇಬ್ಬರು ಕಾಯುವ ಪಟ್ಟಿಯಲ್ಲಿ ಉಳಿದರೆ ಯಾರು ನಿಲ್ಲಬೇಕು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಒಳ್ಳೆಯ ಉತ್ತರ ಇರುವುದಿಲ್ಲ.

ಮಕ್ಕಳ ಟಿಕೆಟ್‌ನಲ್ಲಿ ಎಡವುವವರು ಬಹಳ. ರೈಲಿನಲ್ಲಿ ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಸೀಟು ಬೇಡವಾದರೆ ಟಿಕೆಟ್ ಬೇಕಿಲ್ಲ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಕಾಯ್ದಿರಿಸಿದ ಬೋಗಿಯಲ್ಲಿ ಸೀಟು ಬೇಕೆಂದರೆ ಪೂರ್ತಿ ದರ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಲೆಕ್ಕ ಬೇರೆ: ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ, ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಐದೂವರೆ ವರ್ಷದ ಮಗುವಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ರೈಲಿನಲ್ಲಿ ಇದೆ. ವಯಸ್ಸಿನ ದಾಖಲೆಯ ಒಂದು ಚಿತ್ರ ಮೊಬೈಲ್‌ನಲ್ಲಿರಲಿ.

ಹಂತ 3: ಹೋಗುವ ದಾರಿ ಆರಿಸುವುದು

ಬೆಂಗಳೂರಿನಿಂದ ಮೈಸೂರಿಗೆ ರೈಲು ಹಳಿಯ ದೂರ ಸುಮಾರು 138 ಕಿಲೊಮೀಟರ್. ರೈಲನ್ನು ಅವಲಂಬಿಸಿ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಹಿರಿಯರು ಜೊತೆಗಿದ್ದರೆ ರೈಲೇ ಒಳ್ಳೆಯದು. ಶೌಚಾಲಯವಿದೆ, ಕಾಲು ಚಾಚಲು ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಮದ್ದೂರು ಬಂತೆಂದರೆ ವಡೆಯೂ ಸಿಗುತ್ತದೆ.

ಬಸ್ಸನ್ನು ಆರಿಸಿಕೊಳ್ಳಲು ಒಂದು ಗಟ್ಟಿ ಕಾರಣ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಉಚಿತ. ರಾಜಹಂಸ, ಐರಾವತ, ಸ್ಲೀಪರ್ ಮತ್ತು ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹತ್ತುವ ಮೊದಲು ಬಸ್ಸಿನ ಮುಂದಿನ ಫಲಕ ನೋಡಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಶೂನ್ಯ ದರದ ಟಿಕೆಟ್ ಕೇಳಿ ಪಡೆಯಬೇಕು, ಇಳಿಯುವವರೆಗೂ ಅದನ್ನು ಕೈಯಲ್ಲಿಟ್ಟುಕೊಳ್ಳಬೇಕು. ‘ಉಚಿತ ತಾನೇ, ಟಿಕೆಟ್ ಯಾಕೆ’ ಎಂದು ಸುಮ್ಮನೆ ಕೂರುವುದು ತಪ್ಪು. ಅಜ್ಜಿಯ ಆಧಾರ್ ಕಾರ್ಡು ಮಗನ ಕೈಚೀಲದಲ್ಲಿದ್ದು, ಮಗ ಬಸ್ಸಿನ ಹಿಂಬದಿಯಲ್ಲಿ ಸಿಕ್ಕಿಕೊಂಡಿದ್ದರೆ ಪರದಾಟ ಖಚಿತ. ಅವರವರ ಗುರುತಿನ ಚೀಟಿ ಅವರವರ ಬಳಿಯೇ ಇರಲಿ.

ಬೆಂಗಳೂರಿನೊಳಗಿನ ಪ್ರಯಾಣವನ್ನು ಮರೆಯಬೇಡಿ. ಮೆಟ್ರೊದ ನೇರಳೆ ಮಾರ್ಗದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಹೆಸರಿನದೇ ಒಂದು ಸ್ಟೇಷನ್ ಇದೆ. ರೈಲಿಗೆ ಹೋಗುವವರು ಅಲ್ಲಿ ಇಳಿಯಬೇಕು, ಅದರ ಪಕ್ಕದ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಅಲ್ಲ. ಮುಖ್ಯವಾದ ಇನ್ನೊಂದು ಎಚ್ಚರಿಕೆ: ಭಾನುವಾರ ಮೆಟ್ರೊ ಶುರುವಾಗುವುದೇ ಬೆಳಿಗ್ಗೆ 7ಕ್ಕೆ. ಭಾನುವಾರ ಬೆಳಗಿನ ಜಾವದ ರೈಲು ಹಿಡಿಯುವವರು ಮೆಟ್ರೊ ನಂಬಿದರೆ ರೈಲು ಕೈತಪ್ಪುತ್ತದೆ. ಕೆಂಗೇರಿ ಕಡೆಯವರು ಅಲ್ಲೇ ಹತ್ತಬಹುದು. ಆದರೆ ಎಲ್ಲ ರೈಲುಗಳೂ ಕೆಂಗೇರಿಯಲ್ಲಿ ನಿಲ್ಲುವುದಿಲ್ಲ. ನಿಂತರೂ ಅಜ್ಜಿಯನ್ನೂ ಚೀಲಗಳನ್ನೂ ಹತ್ತಿಸುವಷ್ಟು ಹೊತ್ತು ಸಿಗುವುದು ಕಷ್ಟ.

ಹಂತ 4: ಕೋಣೆ ಎಲ್ಲಿರಬೇಕು

ಮೈಸೂರಿನಲ್ಲಿ ಎರಡು ಬಸ್ ನಿಲ್ದಾಣಗಳಿವೆ. ಇದನ್ನು ಗೊಂದಲ ಮಾಡಿಕೊಳ್ಳದವರು ಕಡಿಮೆ. ಬೆಂಗಳೂರು ಮತ್ತಿತರ ಊರುಗಳ ಬಸ್ಸು ಬರುವುದು ಬೆಂಗಳೂರು-ನೀಲಗಿರಿ ರಸ್ತೆಯ ಸಬರ್ಬನ್ ನಿಲ್ದಾಣಕ್ಕೆ, ಅಂದರೆ ಗ್ರಾಮಾಂತರ ಬಸ್ ನಿಲ್ದಾಣಕ್ಕೆ. ಬೆಟ್ಟ, ಕೆಆರ್‌ಎಸ್ ಮುಂತಾದ ಕಡೆ ಹೋಗುವ ನಗರ ಸಾರಿಗೆ ಬಸ್ಸು ಹೊರಡುವುದು ಕೆ.ಆರ್. ವೃತ್ತದ ಪಕ್ಕದ ಸಿಟಿ ಬಸ್ ನಿಲ್ದಾಣದಿಂದ. ರೈಲು ನಿಲ್ದಾಣ ಇವೆರಡಕ್ಕಿಂತ ಪಶ್ಚಿಮಕ್ಕಿದೆ.

ಕೋಣೆಯು ಸಿಟಿ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರಲಿ. ಧನ್ವಂತ್ರಿ ರಸ್ತೆ, ಗಾಂಧಿ ಚೌಕದ ಸುತ್ತಮುತ್ತ ವಸತಿಗೃಹಗಳಿವೆ. ನಗರದ ಅಂಚಿನಲ್ಲಿ ಕಡಿಮೆ ಬೆಲೆಗೆ ದೊಡ್ಡ ಕೋಣೆ ಸಿಗುತ್ತದೆ ಎಂದು ಹೋದರೆ ಆ ಉಳಿತಾಯವೆಲ್ಲ ಆಟೊಗೆ ಹೋಗುತ್ತದೆ. ಮಧ್ಯಾಹ್ನ ಅಜ್ಜಿಯನ್ನು ಕರೆತಂದು ಒಂದು ಗಂಟೆ ಮಲಗಿಸುವ ಅವಕಾಶವೂ ತಪ್ಪುತ್ತದೆ. ಬಸ್ಸಿನ ಪ್ರವಾಸ ಹಗುರವಾಗುವುದು ಆ ಒಂದು ಗಂಟೆಯಿಂದಲೇ ಎಂದು ನಾನು ನಂಬಿದ್ದೇನೆ.

ಹಣ ಕಟ್ಟುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಕೋಣೆ ಬಿಡುವ ಹೊತ್ತು ಮಧ್ಯಾಹ್ನ 12 ಗಂಟೆಯೋ, ಬಂದ ಹೊತ್ತಿನಿಂದ 24 ಗಂಟೆಯೋ? ಲಿಫ್ಟ್ ಇದೆಯೇ? ಕೋಣೆ ಬಿಟ್ಟ ಮೇಲೆ ಸಂಜೆವರೆಗೆ ಚೀಲ ಇಡಬಹುದೇ? ಮೂರನೆಯದಕ್ಕೆ ಇಲ್ಲ ಎಂದರೆ ರೈಲು ನಿಲ್ದಾಣದ ಕ್ಲೋಕ್ ರೂಮ್ ಇದೆ. ಆದರೆ ಅಲ್ಲಿ ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ. ಸಣ್ಣ ಬೀಗಗಳನ್ನು ಮನೆಯಿಂದಲೇ ಒಯ್ಯಿರಿ.

ಹಂತ 5: ದಿನಕ್ಕೆ ಎರಡೇ ಜಾಗ

ಕಾರಿನವರು ಒಂದೇ ದಿನ ಆರು ಜಾಗ ಮುಗಿಸುತ್ತಾರೆ. ಬಸ್ಸಿನವರು ಎರಡಕ್ಕೆ ನಿಲ್ಲಬೇಕು. ಮೂರನೆಯದನ್ನು ಪಟ್ಟಿಗೆ ಸೇರಿಸಿದ ಕೂಡಲೇ ಉಳಿದ ಎರಡೂ ಕೆಡುತ್ತವೆ. ಭಾನುವಾರ-ಸೋಮವಾರದ ಪ್ರವಾಸ ಹೀಗಿರಲಿ.

ಭಾನುವಾರ ಮಧ್ಯಾಹ್ನದೊಳಗೆ ಮೈಸೂರು ತಲುಪಿ, ಊಟ ಮಾಡಿ, ಮಲಗಿ ಏಳಿ. ಮೂರು ಗಂಟೆಗೆ ಅರಮನೆ. ಅರಮನೆ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ, ಒಳಗೆ ಸುತ್ತಲು ಎರಡು ಗಂಟೆ ಬೇಕು. ಪ್ರವಾಸಿಗರು ಒಳಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಸಿಟಿ ಬಸ್ ನಿಲ್ದಾಣವಿರುವುದು ಅದರ ಎದುರು ದಿಕ್ಕಿನಲ್ಲಿ. ಅರಮನೆ ಕಣ್ಣೆದುರೇ ಇದೆಯೆಂದು ಹೊರಟವರು ಕೋಟೆ ಗೋಡೆಯನ್ನು ಅರ್ಧ ಸುತ್ತಬೇಕಾಗುತ್ತದೆ. ಹಿರಿಯರಿದ್ದರೆ ಆಟೊದವರಿಗೆ ‘ವರಾಹ ಗೇಟ್’ ಎಂದೇ ಹೇಳಿ.

ಪಾದರಕ್ಷೆಯನ್ನು ಹೊರಗೇ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಹಳೆಯ ಕಾಲುಚೀಲ ಒಂದೊಂದು ಜೊತೆ ಕೈಚೀಲದಲ್ಲಿಟ್ಟುಕೊಳ್ಳಿ, ಮರುದಿನ ಬೆಟ್ಟದಲ್ಲೂ ಬೇಕಾಗುತ್ತದೆ. ಅರಮನೆಯಿಂದ ಹೊರಬಂದ ಮೇಲೆ ಎಲ್ಲಿಗೂ ಹೋಗಬೇಡಿ. ಕಾಫಿ ಕುಡಿದು, ಮಗುವಿಗೆ ಏನಾದರೂ ತಿನ್ನಿಸಿ, ಆರೂವರೆಗೆ ದೀಪ ನೋಡುವ ಜಾಗಕ್ಕೆ ಮರಳಿ. ಕತ್ತಲಾಗುವಾಗ ಅರಮನೆಯ ರೇಖೆಗಳೆಲ್ಲ ಒಮ್ಮೆಲೇ ಬೆಳಕಾಗಿ ಎದ್ದು ನಿಲ್ಲುವ ಆ ಕ್ಷಣವನ್ನು ಮಕ್ಕಳು ತಪ್ಪಿಸಿಕೊಳ್ಳಬಾರದು. ಏಳೂ ಹತ್ತಕ್ಕೆ ಬಂದವರಿಗೆ ದೀಪ ಕಾಣುತ್ತದೆ, ಆ ಕ್ಷಣ ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ಏಳರ ಹೊತ್ತಿಗೆ ಸಿಟಿ ಬಸ್ ನಿಲ್ದಾಣದಲ್ಲಿರಿ. ಚಾಮುಂಡಿ ಬೆಟ್ಟಕ್ಕೆ ಹೋಗುವುದು 201ನೇ ಸಂಖ್ಯೆಯ ಬಸ್. ಎ.ಸಿ. ಇಲ್ಲದ ಬಸ್ಸಾದರೆ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುತ್ತದೆ, ಅದಕ್ಕೇ ಬೆಟ್ಟಕ್ಕೆ ಬೆಳಗಿನ ಹೊತ್ತೇ ಸರಿ. ಮೆಟ್ಟಿಲು ಇಳಿದು ನಂದಿ ನೋಡಿ, ಹಾಗೆಯೇ ಪಾದದವರೆಗೆ ಹೋಗೋಣ ಎಂದು ಉತ್ಸಾಹದಲ್ಲಿ ಹೊರಡುವವರಿದ್ದಾರೆ. ಸಾವಿರದಷ್ಟು ಮೆಟ್ಟಿಲುಗಳು. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮಂಡಿ ಸೋಲುತ್ತದೆ. ಅರವತ್ತು ದಾಟಿದವರಿಗೆ ಇಳಿಯುವುದೇ ಹೆಚ್ಚು ಅಪಾಯ. ಹೋದ ಬಸ್ಸಿನಲ್ಲೇ ಬನ್ನಿ.

ಹತ್ತೂವರೆಗೆ ಕೆಳಗಿಳಿದು, ಕೋಣೆ ಖಾಲಿ ಮಾಡಿ, ಚೀಲ ಅಲ್ಲೇ ಬಿಟ್ಟು ಮೃಗಾಲಯಕ್ಕೆ ಹೊರಡಿ. ಇಲ್ಲಿಗೆ ನಾಲ್ವರಿಗೆ ಆಟೊವೇ ಸರಿ, ದೂರ ಕಡಿಮೆ. ಒಳಗೆ ಮೂರು ಗಂಟೆಯ ನಡಿಗೆ ಇದೆ. ಮಂಡಿನೋವಿನವರಿಗೆ ಬ್ಯಾಟರಿ ಚಾಲಿತ ವಾಹನ ಸಿಗುತ್ತದೆ, ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಪ್ಲಾಸ್ಟಿಕ್ ಚೀಲ ಮತ್ತು ಕುರುಕಲು ತಿಂಡಿ ಒಳಗೆ ಒಯ್ಯುವಂತಿಲ್ಲ. ನೀರನ್ನು ಸ್ಟೀಲ್ ಬಾಟಲಿಯಲ್ಲಿ ತುಂಬಿಸಿಕೊಂಡು, ಮಗುವಿಗೆ ಹೊಟ್ಟೆ ತುಂಬಿಸಿಯೇ ಒಳಗೆ ಹೋಗಿ.

ಬೃಂದಾವನ ಉದ್ಯಾನವನ್ನು ಈ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ನಗರದಿಂದ ಸುಮಾರು 20 ಕಿಲೊಮೀಟರ್ ದೂರ, ನೋಡಬೇಕಾದದ್ದು ಕತ್ತಲಾದ ಮೇಲಿನ ಕಾರಂಜಿ. ಅದು ಮುಗಿದ ಕೂಡಲೇ ಎಲ್ಲರೂ ಒಮ್ಮೆಲೇ ಬಸ್ಸಿಗೆ ನುಗ್ಗುತ್ತಾರೆ. ಮೂರನೆಯ ದಿನ ಇದ್ದವರು ಮಾತ್ರ ಹೋಗಿ.

ಹಂತ 6: ಜೊತೆಗಿರಬೇಕಾದವು

ಬೆನ್ನಿಗೆ ಹಾಕುವ ಚೀಲ ತಲೆಗೊಂದು. ಚಕ್ರದ ದೊಡ್ಡ ಸೂಟ್‌ಕೇಸ್ ಬೇಡವೇ ಬೇಡ, ಸಿಟಿ ಬಸ್ಸಿನ ಮೆಟ್ಟಿಲಲ್ಲಿ ಅದನ್ನು ಎತ್ತುವವರು ಒಬ್ಬರು, ಮಗುವನ್ನು ಹಿಡಿಯುವವರು ಯಾರು? ಹತ್ತು, ಇಪ್ಪತ್ತರ ನೋಟುಗಳು, ಪವರ್ ಬ್ಯಾಂಕ್, ಅಜ್ಜಿಯ ಎರಡು ದಿನದ ಮಾತ್ರೆಗಳ ಜೊತೆ ಹೆಚ್ಚಿಗೆ ಒಂದು ದಿನದ್ದು, ಮಡಚುವ ಛತ್ರಿ.

ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಒಂದು ಚೀಟಿ. ಅಂಗೈಯಗಲದ ಕಾಗದದಲ್ಲಿ ವಸತಿಗೃಹದ ಹೆಸರು, ಅದರ ಹತ್ತಿರದ ವೃತ್ತ, ಎರಡು ಮೊಬೈಲ್ ಸಂಖ್ಯೆ, ಮರಳುವ ರೈಲಿನ ಹೊತ್ತು ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಹಿರಿಯರ ಪರ್ಸಿಗೂ ಮಗುವಿನ ಜೇಬಿಗೂ ಹಾಕಿ. ಮೊಬೈಲ್‌ನ ಚಾರ್ಜ್ ಮುಗಿಯುತ್ತದೆ, ಕಾಗದದ್ದು ಮುಗಿಯುವುದಿಲ್ಲ.

ಹಂತ 7: ನಗರದೊಳಗೆ ಹತ್ತುವುದು, ಇಳಿಯುವುದು

ಬಸ್ಸು ಹತ್ತುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಮೊದಲು ಒಬ್ಬ ದೊಡ್ಡವರು, ಆಮೇಲೆ ಮಗು, ಆಮೇಲೆ ಅಜ್ಜಿ, ಕೊನೆಗೆ ಇನ್ನೊಬ್ಬ ದೊಡ್ಡವರು. ಇಳಿಯುವಾಗಲೂ ಇದೇ ಕ್ರಮ. ಮಗುವನ್ನು ಮೊದಲು ಹತ್ತಿಸಿಬಿಟ್ಟರೆ ಬಸ್ಸು ಹೊರಟ ಗಳಿಗೆಯಲ್ಲಿ ಅದು ಒಳಗೆ, ನೀವು ಕೆಳಗೆ. ಹತ್ತುವಾಗಲೇ ಕಂಡಕ್ಟರ್‌ಗೆ ಎರಡು ವಿಷಯ ಕೇಳಿ: ನಾವು ಇಳಿಯುವ ಸ್ಟಾಪ್ ಬಂದಾಗ ಹೇಳುತ್ತೀರಾ, ಅಲ್ಲಿಂದ ಮರಳಲು ಕೊನೆಯ ಬಸ್ ಎಷ್ಟು ಹೊತ್ತಿಗೆ? ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆಟೊ ಹತ್ತುವ ಮೊದಲು ಮೀಟರ್ ಹಾಕಲು ಹೇಳಿ, ಇಲ್ಲವೇ ದರ ಮಾತಾಡಿಕೊಳ್ಳಿ. ತೀರಾ ಕಡಿಮೆ ದುಡ್ಡಿಗೆ ಊರೆಲ್ಲ ತೋರಿಸುತ್ತೇನೆ ಎನ್ನುವವರು ಸಿಕ್ಕರೆ ಒಪ್ಪಬೇಡಿ. ಆ ಸುತ್ತಾಟ ನಾಲ್ಕಾರು ಅಂಗಡಿಗಳ ಬಾಗಿಲಲ್ಲಿ ನಿಂತು ನಿಂತು ಮುಗಿಯುತ್ತದೆ.

ಹಂತ 8: ನಿಲ್ಲಿಸಬೇಕೆಂದು ಹೇಳುವ ಗುರುತುಗಳು

ಯೋಜನೆ ಎಷ್ಟೇ ಚೆನ್ನಾಗಿರಲಿ, ಜೊತೆಗಿರುವವರ ಮುಖ ನೋಡುತ್ತಿರಬೇಕು. ಮಾತಿನ ಮಲ್ಲನಂಥ ಮಗು ಸುಮ್ಮನಾದರೆ ಅದಕ್ಕೆ ಹಸಿವಾಗಿದೆ ಅಥವಾ ಶೌಚಾಲಯಕ್ಕೆ ಹೋಗಬೇಕಿದೆ. ಶೌಚಾಲಯ ಕಂಡಲ್ಲೆಲ್ಲ ಒಮ್ಮೆ ಕೇಳಿಬಿಡಿ. ಎರಡು ಗಂಟೆಗೊಮ್ಮೆ ಹೊಟ್ಟೆಗೆ ಏನಾದರೂ ಬೀಳಲಿ.

ಹಿರಿಯರು ದಣಿವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆಯವರು ಅರಮನೆ ನೋಡಿ ಬಂದು ನೆರಳಲ್ಲಿ ಕುಳಿತು, ಸೆರಗಿನ ತುದಿಯಿಂದ ಅಂಗಾಲು ಒರೆಸಿಕೊಳ್ಳುತ್ತಾ, ‘ನಾನು ಇಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ’ ಎಂದರು. ನಾವು ಹೋದೆವು. ಎರಡು ಗಂಟೆಯಾದ ಮೇಲೆ ಬಂದು ನೋಡಿದರೆ ಅವರು ಅದೇ ಜಾಗದಲ್ಲಿದ್ದರು. ನೀರಿನ ಬಾಟಲಿ ನಮ್ಮ ಚೀಲದಲ್ಲೇ ಉಳಿದಿತ್ತು. ಎದ್ದು ಹೋದರೆ ನಾವು ಹುಡುಕಾಡಬೇಕಾದೀತೆಂದು ಅವರು ಅಲುಗಾಡಿರಲಿಲ್ಲ. ‘ನೀವು ಹೋಗಿ ಬನ್ನಿ’ ಎಂಬ ಮಾತು ಕೇಳಿದಾಗ ಈಗ ನಾವು ಎಲ್ಲಿಗೂ ಹೋಗುವುದಿಲ್ಲ. ಅಂದಿನ ಪಟ್ಟಿಯನ್ನು ಅಲ್ಲಿಗೇ ಮುಗಿಸಿ, ಆಟೊ ಹತ್ತಿ ಕೋಣೆಗೆ ಮರಳುತ್ತೇವೆ.

ಮೂರನೆಯ ಗುರುತು ಗಡಿಯಾರದ್ದು. ನಿಗದಿತ ಹೊತ್ತಿಗಿಂತ ಒಂದು ಗಂಟೆ ಹಿಂದೆ ಬಿದ್ದಿದ್ದರೆ ಓಡಬೇಡಿ, ಮುಂದಿನ ಜಾಗವನ್ನು ಬಿಡಿ. ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಬಂದಿದ್ದರೆ ನಡುರಸ್ತೆಯಲ್ಲಿ ಚರ್ಚೆ ಬೇಕಾಗುವುದಿಲ್ಲ.

ಹಂತ 9: ಮರಳುವ ದಿನದ ಕೊನೆಯ ಮೂರು ಗಂಟೆ

ರೈಲು ಹೊರಡುವ ಮೂರು ಗಂಟೆ ಮುಂಚೆ ಮೃಗಾಲಯ ಬಿಡಿ. ಊಟ ಮುಗಿಸಿ, ಚೀಲ ತೆಗೆದುಕೊಳ್ಳುವ ಮೊದಲು ದೇವರಾಜ ಮಾರುಕಟ್ಟೆಯ ಕಡೆ ಒಂದು ಸುತ್ತು ಬನ್ನಿ. ಸಿಟಿ ಬಸ್ ನಿಲ್ದಾಣದಿಂದ ಹತ್ತಿರವೇ. ಮಲ್ಲಿಗೆ, ಮೈಸೂರು ಪಾಕ್ ಏನೇ ಕೊಳ್ಳುವುದಿದ್ದರೂ ಈಗಲೇ ಕೊಳ್ಳಿ. ಮೊದಲ ದಿನವೇ ಕೊಂಡರೆ ಎರಡು ದಿನ ಹೊರಬೇಕು.

ಶನಿವಾರ-ಭಾನುವಾರ ಬಂದವರಿಗೆ ಇಲ್ಲಿ ಕಠಿಣ ಆಯ್ಕೆಯಿದೆ. ಭಾನುವಾರ ಸಂಜೆ ದೀಪವೂ ಬೇಕು, ಸಂಜೆಯ ರೈಲೂ ಬೇಕು ಎಂದರೆ ಆಗುವುದಿಲ್ಲ. ದೀಪ ಬೇಕಾದವರು ರಾತ್ರಿ ಒಂಬತ್ತರ ನಂತರದ ಬಸ್ಸಿಗೆ ಸೀಟು ಕಾಯ್ದಿರಿಸಿ. ಬೆಂಗಳೂರಿಗೆ ತಡರಾತ್ರಿಯವರೆಗೂ ಬಸ್ಸುಗಳಿವೆ. ಆದರೆ ಇಳಿಯುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ. ನಿಲ್ದಾಣದಿಂದ ಮನೆಗೆ ಹೋಗುವುದು ಹೇಗೆ ಎಂಬುದೂ ಹೊರಡುವ ಮೊದಲೇ ಗೊತ್ತಿರಬೇಕು. ಮರುದಿನ ಶಾಲೆಯಿದ್ದರೆ ದೀಪವನ್ನು ಬಿಟ್ಟು ಬೇಗ ಹೊರಡುವುದೇ ಮೇಲು.

ರೈಲು ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಮುಂಚೆ ತಲುಪಿ. ಪ್ಲಾಟ್‌ಫಾರ್ಮ್ ಸಂಖ್ಯೆ ನೋಡಿ, ನಿಮ್ಮ ಬೋಗಿ ನಿಲ್ಲುವ ಜಾಗ ಕೇಳಿಕೊಂಡು, ಅಜ್ಜಿಯನ್ನು ಅಲ್ಲೇ ಒಂದು ಬೆಂಚಿನ ಮೇಲೆ ಕೂರಿಸಿ. ನೀರಿನ ಬಾಟಲಿಯನ್ನು ಈ ಸಲ ಅವರ ಕೈಯಲ್ಲೇ ಕೊಡಿ.